ಪರದೆಯ ಮೇಲೆ ಹಸಿರಾಗಿದ್ದ ಬೀರಪ್ಪ

ಕಳೆದ ತಿಂಗಳು ಗಡಹಿಂಗ್ಲಜದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ನಾನು ನಿವೃತ್ತಳಾದ ಸಹಾಯ ಕೇಂದ್ರಕ್ಕೆ ಹೊಸದಾಗಿ ಸೇರಿದವರು. ಪರವೂರುಗಳಿಂದ ದುಡಿಯಲು ಬಂದವರಿಗೆ ನೆರವಾಗುವ ಕೇಂದ್ರ ಅದು. ಹುಡುಗಿಯರಿಗೆ ತರಬೇತಿಯಲ್ಲಿ ಒಂದು ಚಂದದ ಪುಸ್ತಕ ಕೊಟ್ಟಿದ್ದರು. ಅದರ ಹೊದಿಕೆಯ ಮೇಲೆ ನಗುವ ಕೂಲಿಕಾರನೊಬ್ಬ ಮೊಬೈಲು ಹಿಡಿದು ನಿಂತಿದ್ದ.

"ಮ್ಯಾಡಂ, ಖರೇ ಅಂದ್ರ ಕೆಲಸ ಹ್ಯಾಂಗಿರ್ತದ್ರಿ?" ಎಂದು ಒಬ್ಬಳು ಕೇಳಿದಳು.

ನಾನು ಚಹಾ ಕೊಟ್ಟು, ರಜೆ ಹೇಗೆ ಸಿಗುತ್ತದೆ, ಸಾಹೇಬರು ಯಾವ ಹೊತ್ತಿಗೆ ಸಿಟ್ಟಾಗುತ್ತಾರೆ ಎಂದೆಲ್ಲ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನಾನು ಏನನ್ನೂ ಹೇಳಲಿಲ್ಲ ಅನ್ನಿಸಿತು. ಹೇಳಬೇಕಾದದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕನ್ನಡ ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಮುಂದೆ ಎಲ್ಲ ಮರಾಠಿ. ಮನೆಯ ಮಾತು ಮಾತ್ರ ಕನ್ನಡವೇ. ಇಚಲಕರಂಜಿಯಲ್ಲಿ ನನಗೆ ಈ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಮೂರು ಭಾಷೆ ಬರುತ್ತಿದ್ದುದರಿಂದ. ಅಲ್ಲಿಯ ಮಗ್ಗಗಳಿಗೆ ಬಿಹಾರದವರು, ಒಡಿಶಾದವರು ಬರುತ್ತಿದ್ದರು. ಕಾಂಡಿ ಸುತ್ತುವ ಕೆಲಸಕ್ಕೆ, ಅಂದರೆ ಮಗ್ಗದ ಲಾಳಿಯೊಳಗಿನ ಚಿಕ್ಕ ಕೋಲುಗಳಿಗೆ ನೂಲು ಸುತ್ತುವುದಕ್ಕೆ, ವಿಜಾಪುರದ ಕಡೆಯ ಹೆಂಗಸರು ಬರುತ್ತಿದ್ದರು. ಕಚೇರಿಯ ಮೆಟ್ಟಿಲ ಕೆಳಗೆ ನನಗೊಂದು ಮೇಜು ಹಾಕಿಕೊಟ್ಟರು. ಬಂದವರ ಮಾತು ಕೇಳುವುದು, ಬರೆದುಕೊಳ್ಳುವುದು, ಅವರನ್ನು ಕರೆದುಕೊಂಡು ರೇಷನ್ ಅಂಗಡಿಗೋ ದವಾಖಾನೆಗೋ ಶಾಲೆಗೋ ನಡೆದು ಹೋಗುವುದು. ಇಷ್ಟೇ ಕೆಲಸ.

ಆ ಕಾಲ ಚಲೋ ಇತ್ತು ಎಂದು ನಾನು ಹೇಳಲಾರೆ. ಒಂದು ಮಳೆಗಾಲದಲ್ಲಿ ಪಂಚಗಂಗೆಯ ನೀರು ಕಚೇರಿಯ ಗೋದಾಮಿಗೆ ನುಗ್ಗಿ ವರ್ಷಗಟ್ಟಲೆಯ ಕಾಗದಗಳು ಅಂಬಲಿಯಾದವು. ಹೆಸರು ಬರೆಸಿದ್ದವರೆಲ್ಲ ಮತ್ತೆ ಮೊದಲಿನಿಂದ ತಾವು ಯಾರೆಂದು ಹೇಳಬೇಕಾಯಿತು. ಹಾಗಾಗಿ ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಯಾದವಳು ನಾನೇ.

ಖುಷಿಗೆ ಕಾರಣವೂ ಇತ್ತು. ಒಡಿಶಾದ ಒಬ್ಬ ಹೆಂಗಸು ತನ್ನೂರಿನ ಕಾರ್ಡಿನ ಮೇಲೆ ಇಚಲಕರಂಜಿಯ ಅಂಗಡಿಯಲ್ಲಿ ಅಕ್ಕಿ ಪಡೆದ ದಿನ ನಾನು ಅವಳ ಜೊತೆಗಿದ್ದೆ. ಬೆರಳಿಟ್ಟಳು, ಯಂತ್ರ ಸದ್ದು ಮಾಡಿತು, ಅಂಗಡಿಯವನು ತೂಗಿಕೊಟ್ಟ. ತನ್ನ ಊರು ಇಲ್ಲಿಯತನಕ ಬಂತು ಎನ್ನುವಂತೆ ಆಕೆ ಚೀಲವನ್ನು ಮುಟ್ಟಿ ಮುಟ್ಟಿ ನೋಡಿದಳು. ಅದೇ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಕಾಂಡಿಯ ಹೆಂಗಸರ ಬೆರಳನ್ನು ಯಂತ್ರ ಒಪ್ಪಲಿಲ್ಲ. ನೂಲು ಹಿಡಿದು ಹಿಡಿದು ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಒಬ್ಬಳು ಬೆರಳಿಗೆ ಎಣ್ಣೆ ಹಚ್ಚಿ ಬಂದಳು, ಇನ್ನೊಬ್ಬಳು ಸೆರಗಿಗೆ ತಿಕ್ಕಿ ತಿಕ್ಕಿ ಬೆರಳು ಕೆಂಪು ಮಾಡಿಕೊಂಡಳು. "ಉದ್ಯಾ ಯಾ," ನಾಳೆ ಬನ್ನಿ ಎಂದ ಅಂಗಡಿಯವನು. ನಾಳೆಯೂ ಅವೇ ಬೆರಳು.

ನಗು ಬರಿಸುವ ತಪ್ಪುಗಳೂ ಆದವು. ಪರವೂರಿನವರಿಗೆಲ್ಲ ಅವರವರ ಭಾಷೆಯಲ್ಲಿ ಸಂದೇಶ ಕಳಿಸಬೇಕು ಎಂದು ಮೇಲಿನಿಂದ ಆದೇಶ ಬಂತು. ಯಾರೋ ಇಂಗ್ಲಿಷಿನದನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದರು. ನೀವು ಸುರಕ್ಷಿತವಾಗಿದ್ದರೆ ಒಂದು ಒತ್ತಿರಿ ಎಂದು ಇರಬೇಕಾದಲ್ಲಿ, 'ನೀವು ಸುರಕ್ಷಿತವಾಗಿದ್ದರೆ ಪತ್ರಿಕೆ ಒಂದು' ಎಂದು ಬಂತು; ಇಂಗ್ಲಿಷಿನ 'ಪ್ರೆಸ್' ಎಂಬುದನ್ನು ಯಂತ್ರ ಪತ್ರಿಕೆ ಎಂದುಕೊಂಡಿತ್ತು. ಮರುದಿನ ಕಾಂಡಿಯ ಹೆಂಗಸೊಬ್ಬಳು ನನ್ನ ಮೇಜಿನ ಹತ್ತಿರ ಬಂದು, "ಅಕ್ಕಾರ, ಯಾವ ಪೇಪರ್ ತರಬೇಕ್ರಿ?" ಎಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ತಪ್ಪನ್ನು ತಿದ್ದುವ ಬದಲು ಕನ್ನಡದ ಸಂದೇಶವನ್ನೇ ತೆಗೆದುಹಾಕಿದರು. ಆಮೇಲೆ ಮರಾಠಿ, ಹಿಂದಿ ಎರಡೇ ಉಳಿದವು.

ಕೊನೆಯ ಕೆಲವು ವರ್ಷ ನಾನು ಕೊಲ್ಲಾಪುರದ ಕೇಂದ್ರದಲ್ಲಿದ್ದೆ. ಅಲ್ಲಿ ನಮ್ಮ ಮೇಲಧಿಕಾರಿ ಸಾಳುಂಖೆ ಸಾಹೇಬರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಕೆಟ್ಟವರಲ್ಲ, ಲಂಚ ಮುಟ್ಟುತ್ತಿರಲಿಲ್ಲ, ರವಿವಾರವೂ ಕೆಲಸಕ್ಕೆ ಬರುತ್ತಿದ್ದರು. ಅವರ ಖೋಲಿಯ ಗೋಡೆಯ ತುಂಬ ಒಂದು ಪರದೆ. ಅದರ ಮೇಲೆ ಜಿಲ್ಲೆಯ ನಕಾಶೆ, ನಕಾಶೆಯ ಮೇಲೆ ಚುಕ್ಕೆಗಳು. ನೋಂದಣಿಯಾದ ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಚುಕ್ಕೆ. ಸೋಮವಾರಕ್ಕೊಮ್ಮೆ ಎಲ್ಲರ ಮೊಬೈಲಿಗೂ ತಾನಾಗಿಯೇ ಕರೆ ಹೋಗುತ್ತಿತ್ತು. ಕ್ಷೇಮವಿದ್ದರೆ ಒಂದು ಒತ್ತಬೇಕು, ತೊಂದರೆಯಿದ್ದರೆ ಎರಡು. ಒಂದು ಒತ್ತಿದವನ ಚುಕ್ಕೆ ಹಸಿರು. ಒತ್ತದವನದು ಕೆಂಪು. ಮೂರು ವಾರ ಒತ್ತದಿದ್ದರೆ ಅವನು ಊರು ಬಿಟ್ಟಿದ್ದಾನೆ ಎಂದು ತಿಳಿದು ಪರದೆಯಿಂದಲೇ ತೆಗೆಯುತ್ತಿದ್ದರು. ದೊಡ್ಡವರು ನೋಡಲು ಬಂದಾಗ ಪರದೆ ಹೊಲದಂತೆ ಹಸಿರಾಗಿರುತ್ತಿತ್ತು.

ನಮ್ಮ ಕೇಂದ್ರ ಕೊಡುತ್ತಿದ್ದ ಹಳೆಯ ಕಾರ್ಡಿನಲ್ಲಿ ಹೆಸರು, ಊರು, ಮನೆಯವರ ನಂಬರು ಎಲ್ಲ ಬರೆದಿರುತ್ತಿತ್ತು. ಹೊಸದರಲ್ಲಿ ಬರೀ ಕಪ್ಪು ಚೌಕಗಳ ಒಂದು ಗುರುತು. ಅದನ್ನು ಮೊಬೈಲಿಗೆ ತೋರಿಸಿದರೆ ವಿವರ ತೆರೆಯುತ್ತದೆ. ಆದರೆ ತೆರೆಯುವ ಮುನ್ನ ಕೆಲಸಗಾರನ ಫೋನಿಗೆ ಒಂದು ಗುಪ್ತಸಂಖ್ಯೆ ಹೋಗುತ್ತದೆ, ಅವನು ಅದನ್ನು ಹೇಳಬೇಕು. ಬಡವರ ಮಾಹಿತಿ ಕಂಡಕಂಡವರ ಕೈಗೆ ಸಿಗಬಾರದು ಎಂದು ಹೀಗೆ ಮಾಡಿದ್ದರು. ಅದು ಸರಿಯಾದ ಯೋಚನೆಯೇ ಎಂದು ನಮಗೆಲ್ಲ ಅನ್ನಿಸಿತ್ತು.

ನಾಗವ್ವ ಬಂದದ್ದು ಆ ದಿನಗಳಲ್ಲಿ. ಗಡಿಯಾಚೆ ಸಂಕೇಶ್ವರದ ಕಡೆಯ ಹಳ್ಳಿಯೊಂದರ ಕುರಿ ಸಾಕುವ ಮನೆತನದ ಹೆಂಗಸು. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಆಕೆಯ ಮಗ ಬೀರಪ್ಪ ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಅಚ್ಚಿನ ಮಣ್ಣು ಹೊಡೆಯುವ ಕೆಲಸದಲ್ಲಿದ್ದ. ಆಕೆ ಅತ್ತುಕೊಂಡು ಬರಲಿಲ್ಲ. ಮುಖದಲ್ಲಿ ಒಂದು ನಮೂನೆಯ ಸಂತೋಷವಿತ್ತು.

"ಅಕ್ಕಾರ, ನನ್ ಮಗ ಸೋಮವಾರ ಮಾತಾಡ್ಯಾನಂತ್ರಿ. ಪೊಲೀಸರು ಹೇಳಿದ್ರು. ಮತ್ತ ನನ್ ಕೂಡ ಯಾಕ ಮಾತಾಡವೊಲ್ಲ ಅಂತ ಕೇಳ್ರಿ ಸ್ವಲ್ಪ."

ನಾನು ಆಕೆಯನ್ನು ಕೂರಿಸಿ ನೀರು ಕೊಟ್ಟು ವಿಚಾರಿಸಿದೆ. ಬೀರಪ್ಪ ಬಾಜೂ ಮನೆಯ ಮಲ್ಲಪ್ಪನ ಫೋನಿಗೆ ಕರೆ ಮಾಡಿ ತಾಯಿಯ ಜೊತೆ ಮಾತಾಡುತ್ತಿದ್ದ. ಎರಡು ತಿಂಗಳ ಹಿಂದೆ ಅದು ನಿಂತಿತು. ಮಲ್ಲಪ್ಪನೇ ಅವನ ನಂಬರಿಗೆ ಹಚ್ಚಿದಾಗ ಬೇರೆ ಯಾರೋ ಎತ್ತಿಕೊಂಡು, "ಬೀರಪ್ಪ ಗಾಂವ್ ಗಯಾ," ಎಂದರು. ಊರಿಗೆ ಹೋಗಿದ್ದಾನೆ ಎಂದರೆ ಬರುತ್ತಾನೆ ಎಂದು ತಾಯಿ ಕಾದಳು. ಇಲ್ಲಿ ಖೋಲಿಯವರು ಊರಿನಲ್ಲಿದ್ದಾನೆ ಎಂದುಕೊಂಡರು. ಊರಿನಲ್ಲಿ ತಾಯಿ, ದಾರಿಯಲ್ಲಿ ಎಲ್ಲೋ ಗೆಳೆಯರ ಮನೆಯಲ್ಲಿ ಉಳಿದಿದ್ದಾನೆ ಎಂದುಕೊಂಡಳು. ಕಡೆಗೆ ತಾಳಲಾರದೆ ತಾನೇ ಬಂದಳು. ಫೌಂಡ್ರಿಯ ಗೇಟಿನಲ್ಲಿ, ಅವನು ಕೆಲಸ ಬಿಟ್ಟು ಊರಿಗೆ ಹೋದ ಎಂದರು. ಪೊಲೀಸ್ ಠಾಣೆಗೆ ಹೋದಳು. ನಮ್ಮ ಪರದೆ ಅವರಿಗೂ ಕಾಣುತ್ತಿತ್ತು. ಒಬ್ಬ ಪೊಲೀಸಿನವನು ಮೊಬೈಲು ತಿರುಗಿಸಿ ಹಸಿರು ಚುಕ್ಕೆ ತೋರಿಸಿದ. ಮರಾಠಿಯಲ್ಲಿ ಅವನು ಹೇಳಿದ್ದರಲ್ಲಿ ಆಕೆಗೆ ಸೋಮವಾರ ಎಂಬ ಒಂದು ಶಬ್ದ ತಿಳಿಯಿತು. ಯಾರೋ ಪಕ್ಕದವರು ಉಳಿದದ್ದನ್ನು ತಿಳಿಸಿದರು. ಬದುಕಿದ್ದವನ ಬಗ್ಗೆ ಕಾಣೆಯಾದ ದೂರು ಬರೆದುಕೊಳ್ಳಲಾಗದು ಎಂದು ನಮ್ಮ ಕೇಂದ್ರದ ದಾರಿ ತೋರಿಸಿದ್ದರು.

ನಾನು ಸಾಹೇಬರ ಹತ್ತಿರ ಹೋದೆ. ಅವರು ಬೀರಪ್ಪನ ನಂಬರು ಹಾಕಿ ನೋಡಿದರು. ಎಲ್ಲ ಸೋಮವಾರವೂ ಒಂದು ಒತ್ತಿದ್ದ. ಒಂದೂ ತಪ್ಪಿರಲಿಲ್ಲ.

"ಮ್ಯಾಡಂ, ಹಿರವಾ ಆಹೇ ನಾ," ಹಸಿರಿದೆಯಲ್ಲ ಎಂದರು. "ತಾಯಿ ಮಗನ ಜಗಳ ಇರಬೇಕು. ದೊಡ್ಡ ಮನುಷ್ಯ ಅವನು. ತಾಯಿ ಜೊತೆ ಮಾತಾಡು ಎಂದು ನಾವು ಹೇಗೆ ಹೇಳುವುದು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮನೆಯವರಿಂದ ತಪ್ಪಿಸಿಕೊಂಡು ಬಂದವರನ್ನೂ ನಾವು ನೋಡಿದ್ದೆವು. ನಾನು ಹೊರಗೆ ಬಂದು ನನ್ನ ಸ್ವಂತ ಫೋನಿನಿಂದ ಆ ನಂಬರಿಗೆ ಹಚ್ಚಿದೆ. ಹಿಂದಿಯಲ್ಲಿ ಒಬ್ಬ ಮಾತಾಡಿದ. ಹೌದು, ಇದು ಬೀರಪ್ಪನ ಫೋನು. ಬಿಟ್ಟುಹೋಗಿದ್ದಾನೆ. ತಾನು ಅವನ ಖೋಲಿಯ ಜೊತೆಗಾರ, ದಿಲೀಪ.

ನಾಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂದಾ ನನ್ ಮಗಾ?" ಎಂದಳು.

"ನಡಿ ಅವ್ವಾ, ಅಲ್ಲೇ ಹೋಗಿ ನೋಡೂಣು," ಎಂದೆ.

ಖೋಲಿ ಫೌಂಡ್ರಿಯ ಹಿಂದಿನ ಸಾಲಿನಲ್ಲಿತ್ತು. ತಗಡಿನ ಮಾಡು, ಮೂಲೆಯಲ್ಲಿ ಒಲೆ, ಗೋಡೆಗೆ ಮೊಳೆಗಳು, ಮೊಳೆಗೊಂದು ಚೀಲ. ದಿಲೀಪ ಒಡಿಶಾದವನು, ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಕೆಲಸಗಾರ. ಪಾಳಿ ಮುಗಿಸಿ ಬಂದು ಅನ್ನಕ್ಕಿಟ್ಟಿದ್ದ. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಎದ್ದ. ಬೀರಪ್ಪ ಒಂದು ಬೆಳಿಗ್ಗೆ, ಊರಿಗೆ ಹೋಗಬೇಕು, ರಜೆ ಕೇಳಿ ಬಸ್ಸಿನ ವ್ಯವಸ್ಥೆ ನೋಡಿ ಬರುತ್ತೇನೆ ಎಂದು ಹೊರಟಿದ್ದನಂತೆ. ಫೋನು ಚಾರ್ಜಿಗೆ ಹಾಕಿದ್ದ. ತಿರುಗಿ ಬರಲಿಲ್ಲ. ಬಸ್ಸು ಸಿಕ್ಕಿರಬೇಕು, ಹಾಗೇ ಹೋಗಿರಬೇಕು ಎಂದುಕೊಂಡ ದಿಲೀಪ ಫೋನನ್ನು ಜೋಪಾನ ಮಾಡಿಟ್ಟಿದ್ದ.

"ಸೋಮವಾರದ ಕರೆ?" ಎಂದು ನಾನು ಹಿಂದಿಯಲ್ಲಿ ಕೇಳಿದೆ.

"ಬರುತ್ತದೆ ದೀದಿ. ಒತ್ತದಿದ್ದರೆ ಬೀರಪ್ಪನ ಕಾರ್ಡು ರದ್ದಾಗುತ್ತದೆ ಎಂದು ಎಲ್ಲರೂ ಹೇಳಿದರು. ಅವನು ಬಂದಮೇಲೆ ತೊಂದರೆಯಾಗಬಾರದು ಎಂದು ನಾನೇ ಒತ್ತುತ್ತಿದ್ದೆ."

ನಾಗವ್ವನಿಗೆ ನಮ್ಮ ಮಾತು ತಿಳಿಯುತ್ತಿರಲಿಲ್ಲ. ಆಕೆ ಮೊಳೆಗಳನ್ನು ನೋಡುತ್ತ ಹೋಗಿ ಒಂದು ಚೀಲದ ಕೆಳಗೆ ಮಡಚಿಟ್ಟಿದ್ದ ಕಂಬಳಿಯನ್ನು ಎಳೆದುಕೊಂಡಳು. ಕರಿಯ ಕಂಬಳಿ, ಅಂಚಿಗೆ ಬಿಳಿ ಪಟ್ಟಿ. ಅದನ್ನು ಮೂಗಿಗೆ ಹಿಡಿದಳು.

"ಇದನ್ನ ಬಿಟ್ಟು ಊರಿಗ್ ಬರಂಗಿಲ್ರಿ ಅಂವ," ಎಂದಳು. "ನಮ್ಮನ್ಯಾಗ ನೇಯ್ದದ್ದ. ಹೋಗಾಗ ಬರಾಗ ಹೆಗಲ ಮ್ಯಾಲ ಇರೂದ."

ದಿಲೀಪ ಸ್ಟೂಲು ತಂದು ಇಟ್ಟ, ಆಕೆ ಕೂರಲಿಲ್ಲ.

ಠಾಣೆಗೆ ಹೋದೆವು. ಫೋನು ಅವನ ಹತ್ತಿರ ಇಲ್ಲ, ಒತ್ತಿದವನು ಬೇರೆ ಎಂದು ನಾನು ಹೇಳಿದೆ. ದಫ್ತರದಲ್ಲಿ ಕ್ಷೇಮ ಎಂದಿದೆ, ಅದನ್ನು ಬದಲಿಸಿಕೊಂಡು ಬನ್ನಿ ಎಂದರು. ನಮ್ಮ ಕೇಂದ್ರಕ್ಕೆ ಬಂದೆ. ಒಮ್ಮೆ ಒತ್ತಿದ ಒಂದನ್ನು ಅಳಿಸುವ ಸೌಲಭ್ಯವೇ ಇರಲಿಲ್ಲ. ಯಂತ್ರ ಮಾಡಿಕೊಟ್ಟ ಪುಣೆಯ ಕಂಪನಿಯವರಿಗೆ ಬರೆಯಬೇಕು ಎಂದರು ಸಾಹೇಬರು. ನಾನು ಅವರ ಮೇಜಿನ ಮುಂದೆ ನಿಂತೇ ಇದ್ದೆ. ಅವರು ಹೊರಗೆ ಬೆಂಚಿನ ಮೇಲೆ ಕಂಬಳಿ ಹಿಡಿದು ಕೂತಿದ್ದ ನಾಗವ್ವನನ್ನು ಒಮ್ಮೆ ನೋಡಿದರು. ಹಸಿರು ಬಣ್ಣವನ್ನು ಮನುಷ್ಯ ಇದ್ದಾನೆ ಎಂಬುದಕ್ಕೆ ಪುರಾವೆ ಎಂದು ಹಿಡಿಯಬಾರದು ಎಂದು ಒಂದು ಕಾಗದದ ಮೇಲೆ ತಮ್ಮ ಕೈಯಿಂದ ಬರೆದು ಸಹಿ ಹಾಕಿಕೊಟ್ಟರು. ಅದನ್ನು ಬರೆಯುವಾಗ ಅವರಿಗೆ ಭಾಳ ಕಷ್ಟವಾಯಿತು. ಅದಕ್ಕೇ ನಾನು ಅವರನ್ನು ಕೆಟ್ಟವರೆಂದು ಎಲ್ಲಿಯೂ ಹೇಳುವುದಿಲ್ಲ.

ದೂರು ದಾಖಲಾದ ಮೇಲೆ ಹುಡುಕುವ ಕೆಲಸ ಭಾಳ ಹೊತ್ತು ಹಿಡಿಯಲಿಲ್ಲ. ಅದೇ ದುಃಖ. ದವಾಖಾನೆಯೊಂದರಲ್ಲಿ ಗುರುತು ಸಿಗದವರ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಗುಮಾಸ್ತ ಒಂದೊಂದೇ ಸರಿಸುತ್ತ ಹೋದ. ನಾಗವ್ವ ಪರದೆಗೆ ಮುಖ ಹಚ್ಚಿ ನೋಡುತ್ತಿದ್ದಳು. ಒಂದು ಫೋಟೋ ಬಂದಾಗ ಅಂಗೈಯನ್ನು ಪರದೆಯ ಮೇಲೆ ಇಟ್ಟಳು. ಗುಮಾಸ್ತ ಮುಂದಿನ ಫೋಟೋಕ್ಕೆ ಸರಿಸಲು ಹೋದ. "ಇರಲಿರಿ," ಎಂದೆ ನಾನು. ಅವನು ಕೈ ತೆಗೆದ.

ಹೆದ್ದಾರಿ ದಾಟುವಾಗ ಯಾವುದೋ ಗಾಡಿ ಬಡಿದಿತ್ತು. ಅದೂ ಅವನು ಖೋಲಿ ಬಿಟ್ಟ ಬೆಳಿಗ್ಗೆಯೇ. ದವಾಖಾನೆಗೆ ತಂದಾಗ ಜೀವ ಇತ್ತು, ಎಚ್ಚರ ಇರಲಿಲ್ಲ. ಎರಡು ದಿನ ಹಾಗೇ ಇದ್ದು ಹೋದ. ಎಲ್ಲವನ್ನೂ ನಮಗೆ ಹೇಳಿದವಳು ಆ ವಾರ್ಡಿನ ಸಿಸ್ಟರ್. ಆಕೆಗೆ ನೆನಪಿತ್ತು.

"ಕಿಸೆಯಲ್ಲಿ ನಿಮ್ಮ ಕೇಂದ್ರದ ಕಾರ್ಡು ಇತ್ತು ಮ್ಯಾಡಂ," ಎಂದು ಮರಾಠಿಯಲ್ಲಿ ಹೇಳಿದಳು. "ನಾವು ಮೊಬೈಲು ಹಿಡಿದು ನೋಡಿದೆವು. ಸಂಖ್ಯೆ ಹೇಳಿ ಎಂದು ಕೇಳಿತು. ಅವನು ಹೇಗೆ ಹೇಳುತ್ತಾನೆ? ಕೇಂದ್ರದ ನಂಬರಿಗೆ ಮಾಡಿದೆವು. ಮರಾಠಿಗೆ ಒಂದು, ಹಿಂದಿಗೆ ಎರಡು ಎಂದು ಯಂತ್ರವೇ ಮಾತಾಡಿತು. ಮನುಷ್ಯರು ಯಾರೂ ಬರಲಿಲ್ಲ."

ನಾನು ಆ ಸಂಜೆ ದಿಲೀಪನ ಖೋಲಿಗೆ ಮತ್ತೆ ಹೋದೆ. ಆ ದಿನ ಫೋನಿಗೆ ಏನಾದರೂ ಸಂಖ್ಯೆ ಬಂದಿತ್ತೇ ಎಂದು ಕೇಳಬಾರದಿತ್ತು. ಕೇಳಿದೆ. ಅವನು ಬೀರಪ್ಪನ ಫೋನು ತೆಗೆದು ಹಿಂದಕ್ಕೆ ಸರಿಸಿ ಸರಿಸಿ ತೋರಿಸಿದ. ಬಂದಿತ್ತು. ಮತ್ತೆ ಮತ್ತೆ ಬಂದಿತ್ತು. ಸಂಖ್ಯೆಯ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಎಂದು ಬರೆದಿತ್ತು.

"ಇಂಥವು ಬಂದರೆ ಮೋಸ ಎಂದು ನಿಮ್ಮವರೇ ಶಿಬಿರದಲ್ಲಿ ಹೇಳಿದ್ದರು ದೀದಿ," ಎಂದ ದಿಲೀಪ. ಆಮೇಲೆ ಅವನಿಗೆ ಅರ್ಥವಾಯಿತು. ಗೋಡೆಗೆ ಬೆನ್ನು ಹಚ್ಚಿ ಕೆಳಗೆ ಕೂತ. ಎಷ್ಟು ಸಮಾಧಾನ ಹೇಳಿದರೂ ತಲೆ ಎತ್ತಲಿಲ್ಲ. ಫೋನನ್ನು ನನ್ನ ಕಾಲ ಹತ್ತಿರ ನೆಲದ ಮೇಲೆ ಸರಿಸಿಬಿಟ್ಟ, ಅದು ಸುಡುತ್ತಿದೆಯೇನೋ ಎನ್ನುವಂತೆ.

ವಾರಸುದಾರರು ಬರದಿದ್ದರೆ ಶವವನ್ನು ಕಾಯ್ದೆಯ ಪ್ರಕಾರ ಹೂಳುತ್ತಾರೆ, ಬೀರಪ್ಪನನ್ನೂ ಹಾಗೇ ಹೂಳಿದ್ದರು. ಮರುದಿನ ನಾಗವ್ವನನ್ನು ಆ ಜಾಗಕ್ಕೆ ಕರೆದುಕೊಂಡು ಹೋದೆ. ಕಾವಲುಗಾರ ಮುದುಕ ಒಳ್ಳೆಯವನು. ಆದರೆ ಅವನಿಗೂ ಖಚಿತವಿರಲಿಲ್ಲ. "ಹ್ಯಾ ಬಾಜೂಲಾ," ಈ ಬದಿಗೆ ಎಂದು ಕೈಯಾಡಿಸಿದ. ಮಳೆಯಾಗಿ ಹುಲ್ಲು ಎದ್ದಿತ್ತು. ನಾಗವ್ವ ಆ ಬದಿಯಿಂದ ಈ ಬದಿಯವರೆಗೆ ನಡೆದಳು. ಎಲ್ಲಿ ಕೂರಬೇಕು ಎಂದು ಆಕೆಗೆ ತಿಳಿಯಲಿಲ್ಲ.

"ಅಕ್ಕಾರ, ಒಂದ ಕಲ್ಲರ ಇಟ್ಟಿದ್ರ ಆಗ್ತಿತ್ರಿ," ಎಂದಳು.

ಆಕೆ ಅಲ್ಲಿಂದ ಒಂದು ಹಿಡಿ ಮಣ್ಣು ಎತ್ತಿಕೊಂಡಳು. ಇದು ಯಾರ ಮಣ್ಣೋ ಏನೋ ಎಂದು ತಿರುಗಿ ಅಲ್ಲೇ ಬಿಟ್ಟಳು.

ಮುಂದೆ ಏನಾಯಿತು ಎಂದು ಹೊಸಬರು ಕೇಳಬಹುದು. ಕೇಂದ್ರದಲ್ಲಿ ಸಭೆಯಾಯಿತು. ಕಾರ್ಡಿನ ಮೇಲೆ ಮನೆಯವರ ನಂಬರು ಬರೆಯಿಸಬೇಕು, ಕನ್ನಡದ ಕರೆ ಮತ್ತೆ ಶುರುಮಾಡಬೇಕು, ದವಾಖಾನೆಯವರಿಗೆ ಬೇರೆ ದಾರಿ ಕೊಡಬೇಕು ಎಂದು ನಾನು ಹೇಳಿದ್ದನ್ನೆಲ್ಲ ಸಾಹೇಬರು ಬರೆದುಕೊಂಡರು. ಪುಣೆಯ ಕಂಪನಿಯವರು ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂದರು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಬೀರಪ್ಪನ ಫೋನು ಪೊಲೀಸರ ಕಪಾಟಿನಲ್ಲಿ ಇದ್ದುದರಿಂದ ಸೋಮವಾರದ ಕರೆಯನ್ನು ಯಾರೂ ಎತ್ತಲಿಲ್ಲ. ಅವನ ಚುಕ್ಕೆ ಕೆಂಪಾಯಿತು. ಮೂರು ವಾರದ ಮೇಲೆ ಅವನು ಊರು ಬಿಟ್ಟವರ ಲೆಕ್ಕಕ್ಕೆ ಹೋದ. ಸತ್ತವರಿಗೆ ಅಲ್ಲಿ ಬೇರೆ ಬಣ್ಣ ಇರಲಿಲ್ಲ. ಅದೇ ವರ್ಷ ನಾನು ನಿವೃತ್ತಳಾದೆ. ಶಾಲು ಹೊದಿಸಿದರು. ಗೋಡೆಯ ಪರದೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆ ಫೋಟೋ ನಮ್ಮ ಮನೆಯಲ್ಲಿ ಎಲ್ಲೋ ಇದೆ, ನಾನು ಗೋಡೆಗೆ ಹಾಕಿಲ್ಲ.

ಆದರೆ ನಾನು ಹುಡುಗಿಯರಿಗೆ ಹೇಳಬೇಕೆಂದಿದ್ದದ್ದು ಇದಲ್ಲ. ನಾಗವ್ವ ಊರಿಗೆ ಹೊರಟ ದಿನದ ಮಾತು.

ಕೊಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ದಿಲೀಪ ಒಂದು ಒತ್ತುತ್ತಿದ್ದುದನ್ನು, ಅದಕ್ಕಾಗಿ ಅವನು ಈಗ ಪಡುತ್ತಿರುವ ಸಂಕಟವನ್ನು ನಾನು ಆಕೆಗೆ ಹೇಳಿದ್ದೆ. ಕಂಬಳಿ ಆಕೆಯ ತೊಡೆಯ ಮೇಲಿತ್ತು. ನಾನು ತಂದುಕೊಟ್ಟ ಬಾಳೆಹಣ್ಣನ್ನು ಆಕೆ ಸುಲಿಯದೆ ಹಿಡಿದಿದ್ದಳು. ಸಂಕೇಶ್ವರದ ಗಾಡಿ ಬಂದು ನಿಂತಾಗ ಆಕೆ ಏಳಲಿಲ್ಲ. ನನ್ನ ಕಡೆ ತಿರುಗಿದಳು.

"ಅಕ್ಕಾರ, ಒಂದ ಮಾತ ಕೇಳ್ತೇನಿ. ಖರೇ ಹೇಳ್ರಿ. ಆ ಹುಡುಗ ಒಂದು ಒತ್ತದ ಇದ್ದಿದ್ರ, ನೀವು ನನ್ ಮಗನ್ನ ಹುಡುಕ್ಕೊಂತ ಬರ್ತಿದ್ರೇನ್ರಿ?"

ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಹೀಗೆ ನೇರವಾಗಿ ಯಾರೂ ಕೇಳಿರಲಿಲ್ಲ. ಬರುತ್ತಿದ್ದೆವು ಎಂದರೆ ಆಕೆ ನಂಬುತ್ತಿದ್ದಳು. ಆದರೆ ಜೀವನಪೂರ್ತಿ ದಿಲೀಪನನ್ನು ಶಪಿಸುತ್ತಿದ್ದಳು. ಕೆಂಪು ಚುಕ್ಕೆಗಳ ಹಿಂದೆ ಹೋಗಲು ನಮ್ಮಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅಂಥ ಹುದ್ದೆಯೇ ಇರಲಿಲ್ಲ. ಪರದೆ ಬಂದ ಮೇಲೆ ನಡೆದು ಹೋಗುವ ಕೆಲಸವನ್ನು ತೆಗೆದುಹಾಕಿದ್ದರು.

"ಇಲ್ಲ ಅವ್ವಾ," ಎಂದೆ. "ಕೆಂಪ ಆಗ್ತಿದ್ದ, ಅಷ್ಟ. ಮೂರ್ ವಾರ ನೋಡಿ ತಗದ ಬಿಡ್ತಿದ್ರು. ಯಾರೂ ಬರ್ತಿದ್ದಿಲ್ಲ."

ಆಕೆ ಸಿಟ್ಟಾಗುತ್ತಾಳೆ ಎಂದುಕೊಂಡೆ. ಸಿಟ್ಟಾಗಿದ್ದರೆ ಚಲೋ ಇತ್ತು.

"ಹಂಗಾರ ಆ ಹುಡುಗಂದೇನ್ ತಪ್ಪಿಲ್ಲ ಬಿಡ್ರಿ," ಎಂದಳು. "ಮನಸಿಗಿ ಹಚ್ಕೊಂಡಾನ ಅಂವ. ಅವಗ ಹೇಳ್ರಿ, ಬೀರಪ್ಪನ ಅವ್ವ ಹಿಂಗಂದ್ಲು ಅಂತ."

ಕಂಡಕ್ಟರ್ ಗಂಟೆ ಬಾರಿಸಿದ. ಆಕೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹತ್ತಿ ಕೂತಳು. ತಿರುಗಿ ನೋಡಲಿಲ್ಲ.

ನಾನು ನೇರ ಗೋಕುಳ ಶಿರಗಾಂವಕ್ಕೆ ಹೋದೆ. ದಿಲೀಪ ಹಿಂದಿನ ದಿನವೇ ಖೋಲಿ ಬಿಟ್ಟಿದ್ದ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನ ನಂಬರು ಬಂದ್ ಇತ್ತು. ಆ ಮಾತನ್ನು ಅವನಿಗೆ ಇನ್ನೂ ಹೇಳಲಾಗಿಲ್ಲ.